ವಾರ್ಡ್ ಇನ್‌ಚಾರ್ಜ್ ಆದವರು ಪದೇ ಪದೇ ಕೇಳುವ ಪ್ರಶ್ನೆಗಳು: ಟೀಮು, ಮಾತು, ಹ್ಯಾಂಡ್‌ಓವರ್

ನಾನು 26 ವರ್ಷ ವಾರ್ಡ್‌ನಲ್ಲಿ ನರ್ಸ್ ಆಗಿ ಕೆಲಸ ಮಾಡಿದವಳು, ಅದರಲ್ಲಿ 11 ವರ್ಷ ಇನ್‌ಚಾರ್ಜ್, ಅಂದರೆ ವಾರ್ಡಿನ ನರ್ಸ್‌ಗಳ ಮುಖ್ಯಸ್ಥೆ. ಈಗ ಹೊಸದಾಗಿ ಇನ್‌ಚಾರ್ಜ್ ಆಗುವ ಸಿಸ್ಟರ್, ಬ್ರದರ್‌ಗಳಿಗೆ ಕ್ಲಾಸ್ ತಗೊಳ್ತೇನೆ. ಔಷಧಿ, ಮೆಷಿನ್ ವಿಷಯದಲ್ಲಿ ಅವರು ನನಗಿಂತ ಚುರುಕು. ಅವರು ಕೇಳುವುದೆಲ್ಲ ಮಾತಿನ ಬಗ್ಗೆ. ಯಾರಿಗೆ ಹೇಳೋದು, ಹೇಗೆ ಹೇಳೋದು, ಹೇಳಿದರೆ ಬೈದರೆ ಏನು ಮಾಡೋದು. ಪ್ರತಿ ಬ್ಯಾಚಿನಲ್ಲೂ ಬರುವ ಪ್ರಶ್ನೆಗಳನ್ನು ಇಲ್ಲಿ ಒಟ್ಟಿಗೆ ಬರೆದಿಟ್ಟಿದ್ದೇನೆ.

ನಿನ್ನೆವರೆಗೆ ಒಟ್ಟಿಗೆ ಡಬ್ಬಿ ಬಿಚ್ಚುತ್ತಿದ್ದವರಿಗೆ ಇವತ್ತು ಕೆಲಸ ಹೇಳೋದು ಹೇಗೆ?

ಮೊದಲು, ಒಟ್ಟಿಗೆ ಡಬ್ಬಿ ಬಿಚ್ಚುವುದನ್ನು ಬಿಡಬೇಡಿ. ಇನ್‌ಚಾರ್ಜ್ ಆದ ಮಾರನೇ ದಿನವೇ ರೂಮಿನ ಬಾಗಿಲು ಹಾಕಿಕೊಂಡು ಒಬ್ಬರೇ ಊಟಕ್ಕೆ ಕೂತವರನ್ನು ನೋಡಿದ್ದೇನೆ. ತಿಂಗಳು ಕಳೆಯುವಷ್ಟರಲ್ಲಿ ವಾರ್ಡಿನ ಸುದ್ದಿ ಅವರ ಕಿವಿಗೆ ಬೀಳುವುದೇ ನಿಂತುಹೋಯಿತು. ಯಾವ ಪಂಪು ಕೈಕೊಡುತ್ತಿದೆ, ಯಾರ ಮಗುವಿಗೆ ಜ್ವರ, ಯಾರು ಯಾರ ಜೊತೆ ಮಾತು ಬಿಟ್ಟಿದ್ದಾರೆ ಅನ್ನುವುದೆಲ್ಲ ಊಟದ ಹೊತ್ತಲ್ಲೇ ಗೊತ್ತಾಗೋದು.

ಕೆಲಸ ಹೇಳುವಾಗ ಹೆಸರು ಹಿಡಿದು ಹೇಳಿ. "ಯಾರಾದ್ರೂ 9ನೇ ಬೆಡ್ ಬಿಪಿ ನೋಡ್ರಪ್ಪ" ಅಂದರೆ ಯಾರೂ ನೋಡುವುದಿಲ್ಲ. ಇನ್ನೊಬ್ಬರು ಹೋಗಿರುತ್ತಾರೆ ಅಂತ ಎಲ್ಲರೂ ಅಂದುಕೊಂಡಿರುತ್ತಾರೆ. ರೋಗಿ ಕುಸಿದಾಗ ಇದು ಇನ್ನೂ ಮುಖ್ಯ. "ಬ್ರದರ್, ನೀವು ಎದೆ ಒತ್ತೋದು (ಕಂಪ್ರೆಷನ್) ಶುರು ಮಾಡಿ. ಸಿಸ್ಟರ್, ನೀವು ಟೈಮ್ ಬರ್ಕೊಳ್ಳಿ" ಅಂತ ಮುಖ ನೋಡಿ ಹೇಳಬೇಕು. ಮಾಡಿದವರೂ ಸುಮ್ನೆ ಇರಬಾರದು. "ಅಡ್ರಿನಲಿನ್ 1 ಮಿಲಿಗ್ರಾಂ ಹೋಯ್ತು" ಅಂತ ಎಲ್ಲರಿಗೂ ಕೇಳುವ ಹಾಗೆ ಹೇಳಬೇಕು. ಇಲ್ಲದಿದ್ದರೆ ಒಂದೇ ಡೋಸ್ ಎರಡು ಸಲ ಹೋಗುತ್ತೆ, ಅಥವಾ ಹೋಗುವುದೇ ಇಲ್ಲ.

ನಿಮಗಿಂತ ಹತ್ತು ವರ್ಷ ಸೀನಿಯರ್ ಆದ ಅಕ್ಕ ಅದೇ ವಾರ್ಡಿನಲ್ಲಿದ್ದರೆ ಅವರನ್ನು ಅಕ್ಕ ಅಂತಲೇ ಕರೆಯಿರಿ. ಹುದ್ದೆ ಬದಲಾಯಿತು ಅಂತ "ಮಿಸೆಸ್ ಇಂಥವರೇ" ಅನ್ನಲು ಶುರು ಮಾಡಿದರೆ ಅವರು ಮತ್ತೆ ಬಾಯಿ ತೆರೆಯುವುದಿಲ್ಲ. ವಾರ್ಡಿನಲ್ಲಿ ಜಾಸ್ತಿ ನೋಡಿರುವವರು ಅವರೇ.

ಹ್ಯಾಂಡ್‌ಓವರ್ ಬೆಡ್ ಹತ್ತಿರವೇ ಆಗಬೇಕಾ? ಸ್ಟೇಷನ್‌ನಲ್ಲಿ ಕೂತು ಹೇಳಿದರೆ ಸಾಲದಾ?

ಸಾಲದು. ಹ್ಯಾಂಡ್‌ಓವರ್ ಅಂದರೆ ಡ್ಯೂಟಿ ಮುಗಿಸಿದವರು ಮುಂದಿನ ಡ್ಯೂಟಿಯವರಿಗೆ ರೋಗಿಗಳನ್ನು ಒಪ್ಪಿಸುವುದು. ಸ್ಟೇಷನ್‌ನಲ್ಲಿ ಹೇಳಿದರೆ ಯಾಕೆ ಸಾಲದು ಅಂತ ಒಂದು ಬೆಳಗ್ಗೆ ನಡೆದದ್ದನ್ನು ಹೇಳುತ್ತೇನೆ. ನೈಟ್ ಡ್ಯೂಟಿಯ ಹುಡುಗಿ ಸ್ಟೇಷನ್‌ನಲ್ಲಿ ನಿಂತೇ 22 ರೋಗಿಗಳನ್ನು ಒಪ್ಪಿಸಿದಳು. ಭುಜದಲ್ಲಿ ಬ್ಯಾಗು, ಕಣ್ಣು ಗಡಿಯಾರದ ಮೇಲೆ, 8:20ರ ಬಸ್ಸು ಹಿಡಿಯಬೇಕು. 14ನೇ ಬೆಡ್ ಬಂದಾಗ "ಡ್ರಿಪ್ ಹೋಗ್ತಿದೆ, ಏನೂ ತೊಂದರೆ ಇಲ್ಲ" ಅಂದಳು. ಅವಳು ಸುಳ್ಳು ಹೇಳಲಿಲ್ಲ. ಡ್ರಿಪ್ ಹೋಗುತ್ತಲೇ ಇತ್ತು. ನಾವು ಬೆಡ್‌ಗೆ ಹೋದಾಗ ಒಂಬತ್ತೂವರೆ. ಡ್ರಿಪ್ ಹೋಗಲು ಕೈಗೆ ಚುಚ್ಚಿದ ಸಣ್ಣ ಕೊಳವೆ, ಅಂದರೆ ಕ್ಯಾನುಲಾ, ನರದಿಂದ ಹೊರಗೆ ಬಂದಿತ್ತು. ಅಜ್ಜಿಯ ಕೈ ಮೊಣಕೈವರೆಗೆ ಊದಿಕೊಂಡು ಬಳೆ ಚರ್ಮದೊಳಗೆ ಹೂತಿತ್ತು. ಅಜ್ಜಿ ಯಾರನ್ನೂ ಕರೆದಿರಲಿಲ್ಲ. "ನಿಮಗೆಲ್ಲ ಕೆಲಸ ಇತ್ತಲ್ಲ ತಾಯಿ" ಅಂದರು. ಬಳೆ ಕತ್ತರಿಸುವಾಗ ಅವರಿಗಿಂತ ಜಾಸ್ತಿ ಅತ್ತವಳು ನಾನು.

ಅವತ್ತಿನಿಂದ ಬೆಳಗ್ಗೆ 8, ಮಧ್ಯಾಹ್ನ 2, ರಾತ್ರಿ 8 ಮೂರೂ ಹೊತ್ತು ಬೆಡ್ ಬೆಡ್‌ಗೆ ನಡೆದೇ ಹ್ಯಾಂಡ್‌ಓವರ್. ಒಪ್ಪಿಸುವವರು, ಒಪ್ಪಿಸಿಕೊಳ್ಳುವವರು ಇಬ್ಬರೂ ಕ್ಯಾನುಲಾ ಮುಟ್ಟಿ ನೋಡಬೇಕು, ಯೂರಿನ್ ಬ್ಯಾಗ್ ನೋಡಬೇಕು, ರೋಗಿಯ ಜೊತೆ ಒಂದು ಮಾತಾಡಬೇಕು.

ಟೈಮ್ ಎಲ್ಲಿದೆ ಮೇಡಂ ಅಂತ ಕೇಳುತ್ತಾರೆ. ಅಮೆರಿಕ, ಕೆನಡಾದ 9 ಮಕ್ಕಳ ಆಸ್ಪತ್ರೆಗಳಲ್ಲಿ ಟ್ರೈನಿಂಗ್‌ನಲ್ಲಿರುವ ಡಾಕ್ಟರ್‌ಗಳ ಹ್ಯಾಂಡ್‌ಓವರ್‌ಗೆ ಐ-ಪಾಸ್ ಅನ್ನುವ ಕ್ರಮ ತಂದು ನೋಡಿದರು. 2014ರಲ್ಲಿ ಫಲಿತಾಂಶ ಬಂತು. ಚಿಕಿತ್ಸೆಯ ತಪ್ಪುಗಳು ಶೇಕಡಾ 23ರಷ್ಟು ಇಳಿದಿದ್ದವು. ತಪ್ಪಿಸಬಹುದಾಗಿದ್ದ ಹಾನಿ ಶೇಕಡಾ 30ರಷ್ಟು ಕಡಿಮೆಯಾಗಿತ್ತು. ಆದರೆ ಹ್ಯಾಂಡ್‌ಓವರ್‌ಗೆ ಹಿಡಿದ ಹೊತ್ತು ಮಾತ್ರ ಹೆಚ್ಚುಕಡಿಮೆ ಮೊದಲಿನಷ್ಟೇ. ಒಬ್ಬ ರೋಗಿಗೆ ಎರಡೂವರೆ ನಿಮಿಷದ ಆಸುಪಾಸು.

ಕ್ರಮದಲ್ಲಿ ದೊಡ್ಡ ಗುಟ್ಟೇನಿಲ್ಲ. ಈ ರೋಗಿ ಎಷ್ಟು ಸೀರಿಯಸ್ ಅಂತ ಮೊದಲು ಹೇಳಬೇಕು. ಆಮೇಲೆ ಕಾಯಿಲೆ ಏನು, ಇಲ್ಲಿವರೆಗೆ ಏನಾಯಿತು ಅನ್ನುವುದು. ಆಮೇಲೆ ಇನ್ನು ಮಾಡಬೇಕಾದ ಕೆಲಸ. ಆಮೇಲೆ "ಹೀಗಾದರೆ ಹೀಗೆ ಮಾಡಿ" ಅನ್ನುವ ಸೂಚನೆ. ಕೊನೆಗೆ ಕೇಳಿಸಿಕೊಂಡವರು ತಮ್ಮ ಮಾತಿನಲ್ಲಿ ತಿರುಗಿ ಹೇಳಬೇಕು. ನಮ್ಮಲ್ಲಿ ಬಿಟ್ಟುಹೋಗುವುದು ಯಾವಾಗಲೂ ಈ ಕೊನೆಯ ಎರಡು. "ರಾತ್ರಿ ಜ್ವರ 101 ದಾಟಿದರೆ ಬ್ಲಡ್ ಕಲ್ಚರ್ ತೆಗೆಯಿರಿ, ಆಮೇಲೆ ಆ್ಯಂಟಿಬಯೋಟಿಕ್" ಅಂತ ಒಂದು ಮಾತು ಹೇಳಿ ಹೋದರೆ ರಾತ್ರಿಯವರಿಗೆ ಎಷ್ಟು ಹಗುರ, ಅಲ್ವಾ?

ರಾತ್ರಿ 2 ಗಂಟೆಗೆ ಡಾಕ್ಟರ್‌ಗೆ ಫೋನ್ ಮಾಡಿದರೆ ಬೈತಾರೆ. ಏನು ಮಾಡೋದು?

ಕೆಲವರು ಏನು ಮಾಡಿದರೂ ಬೈಯುತ್ತಾರೆ, ಅವರ ವಿಷಯ ಆಮೇಲೆ. ಅರ್ಧಕ್ಕಿಂತ ಜಾಸ್ತಿ ಬೈಗುಳ ಬರುವುದು ನಾವು ಹೇಳುವ ರೀತಿಗೆ.

"ಸರ್, 14ನೇ ಬೆಡ್ ಪೇಷೆಂಟ್ ಯಾಕೋ ಸರಿ ಇಲ್ಲ ಸರ್."
"ಸರಿ ಇಲ್ಲ ಅಂದ್ರೆ?"
"ಒಂಥರಾ ಇದ್ದಾರೆ ಸರ್."
"ಬಿಪಿ ಎಷ್ಟು?"
"ಒಂದ್ನಿಮಿಷ ಸರ್, ನೋಡ್ತೀನಿ."

ನಿದ್ದೆಯಿಂದ ಎದ್ದ ಯಾರೇ ಆದರೂ ಇಲ್ಲಿ ತಾಳ್ಮೆ ಕಳೆದುಕೊಳ್ಳುತ್ತಾರೆ. ಅದನ್ನೇ ಹೀಗೆ ಹೇಳಿ ನೋಡಿ:

"ಸರ್, ಸರ್ಜಿಕಲ್ ವಾರ್ಡ್‌ನಿಂದ ಡ್ಯೂಟಿ ಸಿಸ್ಟರ್. 14ನೇ ಬೆಡ್, 58 ವರ್ಷದ ಗಂಡಸು, ಬಿಪಿ 90/60ಕ್ಕೆ ಇಳಿದಿದೆ, ಪಲ್ಸ್ 124. ನಿನ್ನೆ ಕರುಳಿನ ಆಪರೇಷನ್ ಆಗಿದೆ. ಸಂಜೆ 6ಕ್ಕೆ ಬಿಪಿ 130/80 ಇತ್ತು. ಕಳೆದ ಒಂದು ಗಂಟೆಯಲ್ಲಿ ಡ್ರೈನ್‌ನಲ್ಲಿ 200 ಎಂಎಲ್ ಕೆಂಪಗೆ ಬಂದಿದೆ. ಒಳಗೆ ಬ್ಲೀಡಿಂಗ್ ಆಗ್ತಿದೆ ಅನ್ಸುತ್ತೆ. ನೀವು ಈಗಲೇ ಬಂದು ನೋಡಬೇಕು. ಅಷ್ಟರಲ್ಲಿ ಕ್ರಾಸ್ ಮ್ಯಾಚ್‌ಗೆ ಸ್ಯಾಂಪಲ್ ಕಳಿಸಲಾ?"

(ಡ್ರೈನ್ ಅಂದರೆ ಆಪರೇಷನ್ ಆದ ಜಾಗದಿಂದ ರಕ್ತ, ನೀರು ಹೊರಗೆ ಬರಲು ಇಟ್ಟ ಕೊಳವೆ. ಕ್ರಾಸ್ ಮ್ಯಾಚ್ ಅಂದರೆ ಕೊಡುವ ರಕ್ತ ರೋಗಿಗೆ ಹೊಂದುತ್ತಾ ಅಂತ ನೋಡುವ ಪರೀಕ್ಷೆ.) ಮೂವತ್ತು ಸೆಕೆಂಡ್ ಸಾಕು. ಈಗ ಏನಾಗಿದೆ, ಹಿಂದೆ ಏನಿತ್ತು, ನನಗೆ ಏನನ್ನಿಸುತ್ತೆ, ನಿಮ್ಮಿಂದ ಏನು ಬೇಕು ಅನ್ನುವ ನಾಲ್ಕು ಮಾತು. ಇದಕ್ಕೆ ಎಸ್‌ಬಾರ್ ಅಂತ ಹೆಸರು. ಇದು ಹುಟ್ಟಿದ್ದು ಆಸ್ಪತ್ರೆಯಲ್ಲಲ್ಲ, ಅಮೆರಿಕದ ನೌಕಾಪಡೆಯ ಅಣು ಜಲಾಂತರ್ಗಾಮಿಗಳಲ್ಲಿ. ಅಲ್ಲಿಂದ ಕೊಲೊರಾಡೊದ ಕೈಸರ್ ಪರ್ಮನೆಂಟೆ ಆಸ್ಪತ್ರೆಯವರು ಅದನ್ನು ವಾರ್ಡಿಗೆ ತಂದರು.

ನಾಲ್ಕರಲ್ಲಿ ನಮ್ಮವರಿಗೆ ಕಷ್ಟವಾಗುವುದು ಮೂರನೆಯದು ಮತ್ತು ನಾಲ್ಕನೆಯದು. "ನನಗೆ ಹೀಗನ್ನಿಸುತ್ತೆ" ಅಂತ ಸಿಸ್ಟರ್ ಹೇಳುವುದು ಅಧಿಕಪ್ರಸಂಗ ಅಂತ ನಮ್ಮ ತಲೆಯಲ್ಲಿ ಕೂತುಬಿಟ್ಟಿದೆ. ಹಾಗಾಗಿ ನಂಬರ್ ಹೇಳಿ ಸುಮ್ಮನಾಗುತ್ತೇವೆ, ಅವರೇ ಅರ್ಥ ಮಾಡಿಕೊಳ್ಳಲಿ ಅಂತ. ಕತ್ತಲಲ್ಲಿ ಹಾಸಿಗೆಯಲ್ಲಿ ಮಲಗಿರುವವರಿಗೆ ಡ್ರೈನ್ ಕಾಣುವುದಿಲ್ಲ. ನಿಮಗೆ ಕಾಣುತ್ತೆ. "ಬಂದು ನೋಡಿ" ಅಂತ ಬಾಯಿಬಿಟ್ಟೇ ಕೇಳಿ.

ಇನ್ನು ಕೇಸ್ ಶೀಟಿನಲ್ಲಿ "ಡ್ಯೂಟಿ ಡಾಕ್ಟರ್ ಇನ್ಫಾರ್ಮ್ಡ್" ಅಂತ ಬರೆದು ಕೈತೊಳೆದುಕೊಳ್ಳುವ ಅಭ್ಯಾಸ. ನಾನೂ ಬರೆದಿದ್ದೇನೆ. ಆ ಎರಡು ಮೂರು ಪದ ನಮ್ಮನ್ನು ಕಾಪಾಡಬಹುದು, 14ನೇ ಬೆಡ್‌ನವರನ್ನಲ್ಲ. ಎಷ್ಟು ಗಂಟೆಗೆ ಹೇಳಿದೆ, ಏನು ಹೇಳಿದೆ, ಅವರು ಏನೆಂದರು, ಬಂದರಾ ಅನ್ನುವುದನ್ನೆಲ್ಲ ಬರೆಯಿರಿ. ಬರಲಿಲ್ಲವಾದರೆ ಅವರ ಮೇಲಿನವರಿಗೆ ಫೋನ್ ಮಾಡಿ. ಮೇಲಿನವರು ಯಾರು, ಎಷ್ಟು ನಿಮಿಷ ಕಾದು ಅವರಿಗೆ ಫೋನ್ ಮಾಡಬೇಕು ಅನ್ನುವುದನ್ನು ಹಗಲು ಹೊತ್ತಲ್ಲೇ ಯೂನಿಟ್ ಚೀಫ್ ಹತ್ತಿರ ಕೂತು ಗೊತ್ತುಮಾಡಿಕೊಂಡಿರಿ. ರಾತ್ರಿ ಎರಡಕ್ಕೆ ಅದನ್ನು ಯೋಚಿಸಲು ಧೈರ್ಯ ಬರುವುದಿಲ್ಲ.

ನಿಜಕ್ಕೂ ಬೈಯುವವರು ಇರುತ್ತಾರಲ್ಲ, ಅವರ ಹತ್ತಿರ ನಿಮ್ಮ ಹುಡುಗಿಯರನ್ನು ಒಬ್ಬೊಬ್ಬರನ್ನೇ ಬಿಡಬೇಡಿ. ಅವರ ಜೊತೆ ಮಾತಾಡುವುದು ಇನ್‌ಚಾರ್ಜ್ ಕೆಲಸ. ರೌಂಡ್ಸ್ ಮುಗಿದ ಮೇಲೆ, ಬೇರೆ ಯಾರೂ ಇಲ್ಲದಾಗ ಹೇಳಿ: "ಸರ್, ನೀವು ಬೈದರೆ ಇನ್ನೊಂದ್ಸಲ ಅವಳು ಫೋನ್ ಮಾಡೋಕೆ ಅರ್ಧ ಗಂಟೆ ತಡ ಮಾಡ್ತಾಳೆ. ಆ ಅರ್ಧ ಗಂಟೆ ನಿಮ್ಮ ಪೇಷೆಂಟ್‌ದು." ನಾನು ಹೀಗೆ ಹೇಳಿದ ಮೂವರಲ್ಲಿ ಇಬ್ಬರು ಬದಲಾದರು. ಮೂರನೆಯವರು ಬದಲಾಗಲಿಲ್ಲ. ಅದನ್ನು ಬರವಣಿಗೆಯಲ್ಲಿ ಮೇಲಕ್ಕೆ ಕೊಟ್ಟೆ.

ಫೋನ್‌ನಲ್ಲಿ ಹೇಳಿದ ಆರ್ಡರ್ ತಗೋಬಹುದಾ?

ತುರ್ತಿದ್ದರೆ ತಗೊಳ್ಳಲೇಬೇಕಾಗುತ್ತೆ. ಕೇಳಿದ ಕೂಡಲೇ ಬರೆದುಕೊಳ್ಳಿ, ಬರೆದದ್ದನ್ನು ಓದಿ ಹೇಳಿ, ಅವರು "ಹೌದು" ಅಂದ ಮೇಲೆ ಕೊಡಿ, ಬೆಳಗ್ಗೆ ಸಹಿ ಹಾಕಿಸಿಕೊಳ್ಳಿ.

ಇಂಗ್ಲಿಷಿನಲ್ಲಿ ಫಿಫ್ಟೀನ್, ಫಿಫ್ಟಿ ಎರಡೂ ಫೋನಿನಲ್ಲಿ ಒಂದೇ ಥರ ಕೇಳುತ್ತವೆ. "ಒನ್ ಫೈವ್, ಅಲ್ವಾ ಸರ್?" ಅಂತ ಬಿಡಿಸಿ ಕೇಳಿ. ಇಬ್ಬರಿಗೂ ಕನ್ನಡ ಬಂದರೆ ಹದಿನೈದಾ ಐವತ್ತಾ ಅಂತ ಕೇಳಿ. ಆ ಗೊಂದಲ ನಮ್ಮ ಭಾಷೆಯಲ್ಲಿ ಇಲ್ಲವೇ ಇಲ್ಲ!

ಇನ್ಸುಲಿನ್ ಆರ್ಡರ್‌ನಲ್ಲಿ ಯೂನಿಟ್ ಅಂತ ಪೂರ್ತಿ ಬರೆಯಿರಿ. ಅಂಕಿಯ ಪಕ್ಕ ಬರೀ 'ಯು' ಅಕ್ಷರ ಬರೆದರೆ ಅದು ಸೊನ್ನೆಯ ಹಾಗೆ ಕಂಡು 10 ಹೋಗಿ 100 ಆಗುತ್ತೆ. ನಮ್ಮ ದೇಶದಲ್ಲಿ ಇನ್ನೊಂದು ತಾಪತ್ರಯವೂ ಇದೆ. ಒಂದು ಎಂಎಲ್‌ನಲ್ಲಿ 40 ಯೂನಿಟ್ ಇರುವ ಬಾಟಲಿಯೂ ಸಿಗುತ್ತೆ, 100 ಯೂನಿಟ್ ಇರುವುದೂ ಸಿಗುತ್ತೆ. ಕೆಂಪು ಮುಚ್ಚಳದ ಸಿರಿಂಜು 40ಕ್ಕೆ, ಕಿತ್ತಳೆ ಮುಚ್ಚಳದ್ದು 100ಕ್ಕೆ. ಅದಲು ಬದಲಾಗಿ 100ರ ಇನ್ಸುಲಿನ್ ಕೆಂಪು ಮುಚ್ಚಳದ ಸಿರಿಂಜಿಗೆ ಎಳೆದರೆ ಎರಡೂವರೆ ಪಟ್ಟು ಡೋಸ್ ಹೋಗುತ್ತೆ. ಇಬ್ಬರು ನೋಡದೆ ಇನ್ಸುಲಿನ್ ಕೊಡಬಾರದು ಅನ್ನುವ ರೂಲ್ ಇಡಿ. ಮೊದಲ ವಾರ ಎಲ್ಲರೂ ಗೊಣಗುತ್ತಾರೆ.

ದೊಡ್ಡ ಡಾಕ್ಟರೇ ತಪ್ಪು ಮಾಡ್ತಿದ್ದಾರೆ ಅನ್ನಿಸಿದರೆ ಹೇಳೋದು ಹೇಗೆ?

ಕ್ಲಾಸಿನಲ್ಲಿ ಈ ಪ್ರಶ್ನೆ ಬಂದಾಗ ನಾನು ಇಂಗ್ಲೆಂಡಿನ ಒಂದು ಘಟನೆ ಹೇಳುತ್ತೇನೆ. 2005ರ ಮಾರ್ಚ್‌ನಲ್ಲಿ ಎಲೇನ್ ಬ್ರೋಮಿಲಿ ಅನ್ನುವ ಮಹಿಳೆ ಸೈನಸ್‌ನ ಸಣ್ಣ ಆಪರೇಷನ್‌ಗೆ ಹೋದರು. ಎರಡು ಪುಟ್ಟ ಮಕ್ಕಳ ತಾಯಿ. ಅರಿವಳಿಕೆ ಕೊಟ್ಟ ಮೇಲೆ ಉಸಿರಿನ ದಾರಿ ಮುಚ್ಚಿಕೊಂಡಿತು. ಅನುಭವ ಇದ್ದ ಡಾಕ್ಟರ್‌ಗಳೇ ಮೂವರು ಸೇರಿ ಮತ್ತೆ ಮತ್ತೆ ಟ್ಯೂಬ್ ಹಾಕಲು ನೋಡಿದರು. ಆಗಲಿಲ್ಲ. ಒಬ್ಬ ನರ್ಸ್ ಕುತ್ತಿಗೆಯಲ್ಲಿ ದಾರಿ ಮಾಡುವ ಟ್ರಕಿಯಾಸ್ಟಮಿ ಸೆಟ್ ತಂದು, ಸಿದ್ಧವಿದೆ ಅಂತ ಹೇಳಿದರು. ಯಾರೂ ಕಿವಿಗೆ ಹಾಕಿಕೊಳ್ಳಲಿಲ್ಲ. ಇನ್ನೊಬ್ಬ ನರ್ಸ್ ಐಸಿಯುಗೆ ಫೋನ್ ಮಾಡಿ ಬೆಡ್ ಹಿಡಿದರು. ಡಾಕ್ಟರ್‌ಗಳು ನೋಡಿದ ನೋಟಕ್ಕೆ ತಾನೇ ಅತಿ ಮಾಡಿದೆ ಅನ್ನಿಸಿ ಬೆಡ್ ಬೇಡ ಅಂದುಬಿಟ್ಟರು. ಎಲೇನ್ 13 ದಿನಗಳ ನಂತರ ತೀರಿಕೊಂಡರು.

ಅವರ ಗಂಡ ಮಾರ್ಟಿನ್ ಬ್ರೋಮಿಲಿ ವಿಮಾನದ ಪೈಲಟ್. ಕಾಕ್‌ಪಿಟ್‌ನಲ್ಲಿ ಕಿರಿಯ ಪೈಲಟ್‌ಗೆ ಮಾತಾಡುವುದನ್ನೂ, ಹಿರಿಯನಿಗೆ ಕೇಳಿಸಿಕೊಳ್ಳುವುದನ್ನೂ ಕಲಿಸುತ್ತಾರೆ. ಆಪರೇಷನ್ ಥಿಯೇಟರಿನಲ್ಲಿ (ಓಟಿ) ಯಾಕೆ ಇಲ್ಲ ಅನ್ನುವುದು ಅವರ ಪ್ರಶ್ನೆ. 2007ರಲ್ಲಿ ಇದಕ್ಕಾಗಿಯೇ ಅವರು ಒಂದು ಸಂಸ್ಥೆ ಕಟ್ಟಿದರು. ಈ ಘಟನೆಯನ್ನು ಇವತ್ತು ಎಷ್ಟೋ ದೇಶಗಳಲ್ಲಿ ಪಾಠವಾಗಿ ಹೇಳುತ್ತಾರೆ.

ನನ್ನ ವಿದ್ಯಾರ್ಥಿನಿಯರನ್ನು ನಾನು ಕೇಳುವುದು ಇಷ್ಟೇ: ಆ ನರ್ಸ್‌ಗೆ ಏನು ಮಾಡಬೇಕು ಅಂತ ಗೊತ್ತಿತ್ತಾ? ಗೊತ್ತಿತ್ತು. ಹೇಳಿದರಾ? ಹೇಳಿದರು. ಹಾಗಾದರೆ ಕೊರತೆ ಎಲ್ಲಿ? ಅವರು ಹೇಳಿದ್ದು ಮಾಹಿತಿಯ ಹಾಗೆ ಕೇಳಿಸಿತು, ಎಚ್ಚರಿಕೆಯ ಹಾಗೆ ಕೇಳಿಸಲಿಲ್ಲ.

ಅದಕ್ಕೇ ಮೆಟ್ಟಿಲು ಮೆಟ್ಟಿಲಾಗಿ ಹೇಳುವುದನ್ನು ಕಲಿಸುತ್ತೇವೆ. "ಸರ್, ನನಗೆ ಯಾಕೋ ಆತಂಕ ಆಗ್ತಿದೆ." ಕೇಳಲಿಲ್ಲವಾ? "ಸರ್, ಹೀಗೆ ಮುಂದುವರಿಯೋದು ನನಗೆ ಸರಿ ಕಾಣ್ತಿಲ್ಲ." ಆಗಲೂ ಇಲ್ಲವಾ? "ಸರ್, ಪೇಷೆಂಟ್ ಜೀವಕ್ಕೆ ಅಪಾಯ ಇದೆ, ದಯವಿಟ್ಟು ನಿಲ್ಲಿಸಿ." ಸರ್ ಅನ್ನುವುದನ್ನು ಬಿಡುವ ಅಗತ್ಯವೇನಿಲ್ಲ. ಮರ್ಯಾದೆ ಇಟ್ಟುಕೊಂಡೇ ಗಟ್ಟಿಯಾಗಿ ಹೇಳಲು ಬರುತ್ತೆ. ಮನೆಯಲ್ಲಿ ಅಪ್ಪನಿಗೆ ಬಿಪಿ ಮಾತ್ರೆ ವಿಷಯಕ್ಕೆ ಹೇಳುವುದಿಲ್ವಾ, ಹಾಗೆ.

ಓಟಿ ಚೆಕ್‌ಲಿಸ್ಟ್ ಅಂದರೆ ಸುಮ್ನೆ ಟಿಕ್ ಹಾಕೋ ಕೆಲಸ ಅಲ್ವಾ?

ಟಿಕ್ ಹಾಕಿದರೆ ಟಿಕ್ ಹಾಕೋ ಕೆಲಸವೇ. ವಿಶ್ವ ಆರೋಗ್ಯ ಸಂಸ್ಥೆ 2008ರಲ್ಲಿ ತಂದ ಚೆಕ್‌ಲಿಸ್ಟ್‌ನಲ್ಲಿ 19 ಅಂಶಗಳಿವೆ. ಅರಿವಳಿಕೆಗೆ ಮುಂಚೆ, ಕೊಯ್ಯುವ ಮುಂಚೆ, ರೋಗಿಯನ್ನು ಹೊರಗೆ ಕಳಿಸುವ ಮುಂಚೆ ಅಂತ ಮೂರು ಸಲ ನಿಲ್ಲಬೇಕು. ದೆಹಲಿಯೂ ಸೇರಿ ಎಂಟು ನಗರಗಳ ಆಸ್ಪತ್ರೆಗಳಲ್ಲಿ ಪರೀಕ್ಷೆ ಮಾಡಿದಾಗ ಸಾವು ಶೇಕಡಾ 1.5ರಿಂದ 0.8ಕ್ಕೆ ಇಳಿದಿತ್ತು. ಆಮೇಲೆ ಕೆನಡಾದ ಒಂಟಾರಿಯೊದಲ್ಲಿ ಅದನ್ನು ಕಡ್ಡಾಯ ಮಾಡಿದರು. 101 ಆಸ್ಪತ್ರೆಗಳ ಲೆಕ್ಕ 2014ರಲ್ಲಿ ಬಂತು, ಹೇಳಿಕೊಳ್ಳುವಂಥ ವ್ಯತ್ಯಾಸವೇನೂ ಕಾಣಲಿಲ್ಲ. ಯಾಕೆ ಅಂತ ವಾದ ಇದೆ. ನನಗನ್ನಿಸುವುದು, ಕಾಗದ ಎರಡೂ ಕಡೆ ಒಂದೇ, ನಿಂತು ಮಾತಾಡಿದ್ದು ಒಂದೇ ಅಲ್ಲ.

ಆ ಪಟ್ಟಿಯಲ್ಲಿ ನನಗೆ ತುಂಬಾ ಇಷ್ಟವಾದದ್ದು ಎಲ್ಲರೂ ತಮ್ಮ ಹೆಸರು, ಕೆಲಸ ಹೇಳಿಕೊಳ್ಳುವುದು. ನಮ್ಮಲ್ಲಿ ಅದನ್ನೇ ಮೊದಲು ಬಿಟ್ಟುಬಿಡುತ್ತಾರೆ, ನಾಚಿಕೆಗೆ. ಒಂದು ಸಲ ಹೆಸರು ಹೇಳಿದ ಹೌಸ್ ಸರ್ಜನ್ (ತರಬೇತಿಯಲ್ಲಿರುವ ಹೊಸ ಡಾಕ್ಟರ್), ಆಮೇಲೆ "ಸರ್, ಎಡಗಾಲು ಅಲ್ವಾ?" ಅಂತ ಕೇಳಲು ಅಷ್ಟೊಂದು ಹೆದರುವುದಿಲ್ಲ.

ತಪ್ಪಾದಾಗ ಯಾರನ್ನು ಹಿಡಿಯಬೇಕು?

ಮೊದಲು ರೋಗಿಯನ್ನು ಹಿಡಿಯಿರಿ, ಅಂದರೆ ಅವರನ್ನು ನೋಡಿಕೊಳ್ಳಿ. ಡಾಕ್ಟರ್‌ಗೆ ಹೇಳಿ. ಆಮೇಲೆ ಉಳಿದದ್ದು.

ನನ್ನದೇ ಒಂದು ತಪ್ಪು. ಇನ್‌ಚಾರ್ಜ್ ಆಗುವುದಕ್ಕೆ ಎಷ್ಟೋ ಮುಂಚೆ, ಒಂದು ನೈಟ್. ಅಕ್ಕಪಕ್ಕದ ಬೆಡ್‌ಗಳಲ್ಲಿ ಒಂದೇ ಹೆಸರಿನ ಇಬ್ಬರು ಅಜ್ಜಿಯರು. ಹೆಸರು ಹಿಡಿದು "ನೀವೇ ಅಲ್ವಾ?" ಅಂದೆ. "ಹ್ಞೂಂ" ಅಂದರು. ಮಾತ್ರೆ ಕೊಟ್ಟೆ. ಅದು ಪಕ್ಕದವರ ಮಾತ್ರೆ. ಏನೂ ಆಗಲಿಲ್ಲ, ಪುಣ್ಯ. ಬೆಳಗ್ಗೆ ಎಲ್ಲರ ಎದುರು ಬೈದರು, ಮೆಮೊ ಬಂತು. ಆದರೆ ಆ ಅಜ್ಜಿಯರ ಬೆಡ್ ಮಾತ್ರ ಮೂರು ದಿನ ಅಲ್ಲೇ ಅಕ್ಕಪಕ್ಕ ಇತ್ತು! ಮುಂದಿನ ಎರಡು ವರ್ಷ ನನ್ನ ಜೊತೆಯವರು ಯಾರೂ ಒಂದು ತಪ್ಪನ್ನೂ ಒಪ್ಪಿಕೊಂಡದ್ದು ನನಗೆ ನೆನಪಿಲ್ಲ. ತಪ್ಪು ಆಗಿರಲಿಲ್ಲ ಅಂತಲ್ಲ.

ಈಗ ನಾನು ಹೇಳಿಕೊಡುವುದು: ಹೌದು-ಅಲ್ಲ ಅನ್ನುವ ಪ್ರಶ್ನೆ ಕೇಳಬೇಡಿ. ವಯಸ್ಸಾದವರು, ಕಿವಿ ಮಂದ ಇರುವವರು ಎಲ್ಲದಕ್ಕೂ "ಹ್ಞೂಂ" ಅನ್ನುತ್ತಾರೆ. "ನಿಮ್ಮ ಹೆಸರೇನು? ಊರು ಯಾವುದು?" ಅಂತ ಕೇಳಿ, ಕೈಪಟ್ಟಿ ನೋಡಿ. ಒಂದೇ ಹೆಸರಿನವರನ್ನು ವಾರ್ಡಿನ ಎರಡು ತುದಿಗೆ ಹಾಕಿ.

1990ರ ದಶಕದಲ್ಲಿ ಆ್ಯಮಿ ಎಡ್ಮಂಡ್ಸನ್ ಅನ್ನುವ ಅಮೆರಿಕದ ಸಂಶೋಧಕಿ ಆಸ್ಪತ್ರೆ ತಂಡಗಳನ್ನು ನೋಡಲು ಹೊರಟರು. ಒಳ್ಳೆಯ ತಂಡದಲ್ಲಿ ಔಷಧಿಯ ತಪ್ಪು ಕಡಿಮೆ ಇರಬೇಕು ಅಂದುಕೊಂಡಿದ್ದರು. ಲೆಕ್ಕ ಉಲ್ಟಾ ಬಂತು. ಒಳ್ಳೆಯ ತಂಡಗಳಲ್ಲೇ ತಪ್ಪುಗಳ ಸಂಖ್ಯೆ ಜಾಸ್ತಿ. ಆಮೇಲೆ ನೋಡಿದರೆ ಅವರು ತಪ್ಪು ಜಾಸ್ತಿ ಮಾಡುತ್ತಿರಲಿಲ್ಲ, ಮುಚ್ಚಿಡುತ್ತಿರಲಿಲ್ಲ ಅಷ್ಟೇ. ನಿಮ್ಮ ವಾರ್ಡಿನ ಇನ್ಸಿಡೆಂಟ್ ರಿಜಿಸ್ಟರ್ ಆರು ತಿಂಗಳಿಂದ ಖಾಲಿ ಇದ್ದರೆ ಖುಷಿಪಡಬೇಡಿ.

ಆಯಾ, ವಾರ್ಡ್ ಬಾಯ್ ಕೂಡ ಟೀಮಿನವರಾ?

ಹೌದು. ರೋಗಿ ರಾತ್ರಿ ಊಟ ಬಿಟ್ಟದ್ದು, ಬಾತ್‌ರೂಮಿಗೆ ಹೋಗುವಾಗ ಗೋಡೆ ಹಿಡಿದದ್ದು ಮೊದಲು ಕಾಣುವುದು ಆಯಾಗೆ. ದಿನಕ್ಕೊಮ್ಮೆ "ಏನಮ್ಮ, ಇವತ್ತು ಯಾರು ಡಲ್ ಇದ್ದಾರೆ?" ಅಂತ ಕೇಳಿ.

ನಮ್ಮ ಸ್ಟಾಫ್‌ನಲ್ಲಿ ಅರ್ಧ ಜನಕ್ಕೆ ಕನ್ನಡ ಸರಿಯಾಗಿ ಬರಲ್ಲ. ಏನು ಮಾಡೋದು?

ಕೇರಳದಿಂದ, ಈಶಾನ್ಯ ರಾಜ್ಯಗಳಿಂದ ಬಂದ ಹುಡುಗಿಯರು ಇಲ್ಲದಿದ್ದರೆ ಬೆಂಗಳೂರಿನ ಎಷ್ಟೋ ಆಸ್ಪತ್ರೆಗಳಲ್ಲಿ ನೈಟ್ ಡ್ಯೂಟಿಯೇ ನಡೆಯುವುದಿಲ್ಲ. ಕಲಿಯುವುದರಲ್ಲೂ ಚುರುಕು. ತೊಂದರೆ ಇರುವುದು ಪುಸ್ತಕದಲ್ಲಿಲ್ಲದ ಕನ್ನಡದಲ್ಲಿ. ಒಬ್ಬ ರೋಗಿ "ಕಣ್ಣು ಕತ್ತಲೆ ಬರ್ತದೆ" ಅಂದರು. ಹೊಸ ಸಿಸ್ಟರ್ ಅದನ್ನು ಕಣ್ಣಿನ ತೊಂದರೆ ಅಂತ ಬರೆದಳು. ಕಣ್ಣಿನ ಡಾಕ್ಟರ್‌ಗೆ ಕರೆ ಹೋಯಿತು. ಅವರು ಬಂದು ನೋಡಿ ಬಿಪಿ ಚೆಕ್ ಮಾಡಿ ಅಂದರು, ಮೇಲಿನದು 80! ತಪ್ಪು ಅವಳದಲ್ಲ. ಓದಿ ಸಹಿ ಹಾಕಿದವಳು ನಾನು.

ಮಾರನೇ ದಿನ ಸ್ಟೇಷನ್ ಗೋಡೆಗೆ ಒಂದು ಹಾಳೆ ಅಂಟಿಸಿದೆವು. ಹೊಟ್ಟೆ ತೊಳಸುತ್ತೆ, ಉಬ್ಬಸ, ನಂಜು, ಎದೆ ಹಿಡಿದಂಗಾಗುತ್ತೆ. ಹುಬ್ಬಳ್ಳಿ ಕಡೆಯವರು "ಆರಾಮ ಇಲ್ರಿ" ಅಂದರೆ ಹುಷಾರಿಲ್ಲ ಅಂತ, ರೆಸ್ಟ್ ಸಿಕ್ಕಿಲ್ಲ ಅಂತಲ್ಲ. "ಗ್ಯಾಸ್ಟ್ರಿಕ್" ಅನ್ನುವುದನ್ನು ಕೆಂಪು ಇಂಕಿನಲ್ಲಿ ಬರೆದೆವು. 50 ದಾಟಿದವರು ಬೆವರುತ್ತಾ ಗ್ಯಾಸ್ಟ್ರಿಕ್ ಅಂದರೆ ಮೊದಲು ಇಸಿಜಿ. ಹೊಸ ಮಾತು ಕೇಳಿದವರು ಹಾಳೆಗೆ ಸೇರಿಸುತ್ತಾ ಹೋದರು. ಮೂರು ತಿಂಗಳಲ್ಲಿ ಹಾಳೆ ನಾಲ್ಕಾಯಿತು.

ರೋಗಿಯ ಕಡೆಯವರು ಗಲಾಟೆಗೆ ಬಂದರೆ?

ಕೈ ಎತ್ತಿದರೆ ಸೆಕ್ಯೂರಿಟಿ, ಪೊಲೀಸ್. ವೈದ್ಯಕೀಯ ಸಿಬ್ಬಂದಿ ಮೇಲಿನ ಹಲ್ಲೆ ತಡೆಯಲು ಕರ್ನಾಟಕದಲ್ಲಿ 2009ರಿಂದಲೇ ಪ್ರತ್ಯೇಕ ಕಾಯ್ದೆ ಇದೆ. ಆದರೆ ನಾನು ನೋಡಿದ ಹೆಚ್ಚಿನ ಗಲಾಟೆ ಶುರುವಾದದ್ದು ಎರಡು ಬಾಯಿಯಿಂದ ಎರಡು ಮಾತು ಬಂದದ್ದಕ್ಕೆ. ಸಿಸ್ಟರ್ "ಪರವಾಗಿಲ್ಲ" ಅಂದಿರುತ್ತಾರೆ, ಪಿಜಿ ಓದುತ್ತಿರುವ ಡಾಕ್ಟರ್ "ಹೇಳಕ್ಕಾಗಲ್ಲ" ಅಂದಿರುತ್ತಾರೆ. ಸೀರಿಯಸ್ ರೋಗಿ ಇದ್ದರೆ ಮನೆಯವರ ಜೊತೆ ಮಾತಾಡುವವರು ಒಬ್ಬರೇ ಅಂತ ಮಾಡಿ, ದಿನಕ್ಕೆ ಎರಡು ಹೊತ್ತು ಗೊತ್ತುಮಾಡಿ. ಕಾರಿಡಾರಿನಲ್ಲಿ ನಿಂತು ಬೇಡ, ಕುರ್ಚಿ ಕೊಟ್ಟು ಕೂರಿಸಿ. ಸುದ್ದಿ ಏನೂ ಇಲ್ಲದ ದಿನವೂ "ಇವತ್ತು ಬದಲಾವಣೆ ಇಲ್ಲ" ಅಂತ ಹೇಳಿ.

ಹ್ಯಾಂಡ್‌ಓವರ್ ಅನ್ನು ವಾಟ್ಸ್ಆ್ಯಪ್ ಗ್ರೂಪ್‌ನಲ್ಲಿ ಹಾಕಿದರೆ ಆಗಲ್ವಾ?

ಆಗಲ್ಲ. ಡ್ಯೂಟಿ ಬದಲಾವಣೆ, ರಜೆ, ಹುಟ್ಟುಹಬ್ಬದ ಕೇಕು ಅದಕ್ಕೆಲ್ಲ ಗ್ರೂಪ್ ಇರಲಿ. ರೋಗಿಯ ಹೆಸರು, ಫೋಟೊ, ರಿಪೋರ್ಟ್ ಅಲ್ಲಿಗೆ ಹಾಕಬೇಡಿ. ನೀಲಿ ಟಿಕ್ ಬಂತು ಅಂದರೆ ಓದಿದ್ದಾರೆ ಅಂತಲೂ ಅಲ್ಲ, ಅರ್ಥವಾಯಿತು ಅಂತಲೂ ಅಲ್ಲ.

ದೀಪಾವಳಿ, ಓಣಂ, ರಂಜಾನ್, ಕ್ರಿಸ್‌ಮಸ್‌ಗೆ ರೋಸ್ಟರ್ ಹಾಕೋದು ಹೇಗೆ?

ಎಲ್ಲರನ್ನೂ ಖುಷಿಪಡಿಸಿದ ರೋಸ್ಟರ್ ನಾನು ಇನ್ನೂ ಕಂಡಿಲ್ಲ. ಜನವರಿಯಲ್ಲೇ ಎಲ್ಲರಿಂದ ತಮಗೆ ಬೇಕೇ ಬೇಕಾದ ಎರಡು ಹಬ್ಬ ಬರೆಸಿಕೊಳ್ಳುತ್ತಿದ್ದೆ. ಹೋದ ವರ್ಷ ಯಾರು ಯಾವ ಹಬ್ಬಕ್ಕೆ ಡ್ಯೂಟಿ ಮಾಡಿದರು ಅನ್ನುವ ಪಟ್ಟಿಯನ್ನು ಪಕ್ಕದಲ್ಲೇ ಅಂಟಿಸುತ್ತಿದ್ದೆ. ಪಟ್ಟಿ ಕಣ್ಣೆದುರು ಇದ್ದರೆ ಜಗಳ ಕಡಿಮೆ. ಅದರಲ್ಲಿ ನನ್ನ ಹೆಸರೂ ಇರುತ್ತಿತ್ತು. ಯುಗಾದಿಯ ನೈಟ್ ನನ್ನದು.